ಇವೆಂಟ್ ಉದ್ಯಮದ ವೃತ್ತಿಗಳು ಮತ್ತು ಅವುಗಳ ಆಯ್ಕೆ

ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಜಾಗದಲ್ಲಿ ಜನರನ್ನು ಕೂಡಿಸಿ ನಡೆಸುವ ಸಮ್ಮೇಳನ, ವಸ್ತುಪ್ರದರ್ಶನ, ಸಂಗೀತ ಕಛೇರಿ, ಉತ್ಸವ, ಮದುವೆ, ಕ್ರೀಡಾಕೂಟ ಮುಂತಾದವನ್ನು ಯೋಜಿಸುವ, ಕಟ್ಟುವ, ನಡೆಸುವ ಮತ್ತು ಮುಗಿಸುವ ಉದ್ಯೋಗಗಳ ಸಮೂಹವೇ ಇವೆಂಟ್ ಉದ್ಯಮದ ವೃತ್ತಿಗಳು. ಇದು ಒಂದೇ ವೃತ್ತಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಉದ್ಯೋಗ ವರ್ಗೀಕರಣದಲ್ಲಿ (ಐಎಸ್‌ಸಿಒ–08) ಸಮ್ಮೇಳನ ಮತ್ತು ಕಾರ್ಯಕ್ರಮ ಯೋಜಕರಿಗೆ 3332 ಎಂಬ ಪ್ರತ್ಯೇಕ ಸಂಖ್ಯೆ ಇದ್ದರೂ, ಅದೇ ಕಾರ್ಯಕ್ರಮದಲ್ಲಿ ದುಡಿಯುವ ಧ್ವನಿ ತಂತ್ರಜ್ಞರು, ಅಡುಗೆಯವರು, ಭದ್ರತಾ ಸಿಬ್ಬಂದಿ, ಅಲಂಕಾರದವರು ಬೇರೆ ಬೇರೆ ಗುಂಪುಗಳಲ್ಲಿ ಹಂಚಿಹೋಗಿದ್ದಾರೆ. ಈ ಕಾರಣದಿಂದಲೇ ಕ್ಷೇತ್ರಕ್ಕೆ ಬರುವವರಿಗೆ ಪಾತ್ರದ ಆಯ್ಕೆ ಕಷ್ಟದ ಪ್ರಶ್ನೆಯಾಗುತ್ತದೆ. ಹೊರಗಿನಿಂದ ಕಾಣುವುದು ವೇದಿಕೆಯಾದರೆ, ಹೆಚ್ಚಿನ ಉದ್ಯೋಗಗಳಿರುವುದು ಅದರ ಹಿಂದೆ ಮತ್ತು ಸುತ್ತ.

ಈ ಲೇಖನದಲ್ಲಿ 'ಕಾರ್ಯಕ್ರಮ' ಎಂದರೆ ಮೇಲೆ ಹೇಳಿದ ಎಲ್ಲ ಬಗೆಯ ಕೂಟಗಳು. ಹಣ ತೊಡಗಿಸಿ ಅಂತಿಮ ಹೊಣೆ ಹೊರುವವರು 'ಆಯೋಜಕರು'. ಶುಲ್ಕ ಪಡೆದು ಅವರ ಪರವಾಗಿ ಕೆಲಸ ನಡೆಸಿಕೊಡುವುದು 'ನಿರ್ವಾಹಕ ಸಂಸ್ಥೆ'. ಶಾಮಿಯಾನ, ಧ್ವನಿ, ಬೆಳಕು, ಜನರೇಟರ್, ಊಟದಂಥ ಒಂದೊಂದು ಸೇವೆ ಒದಗಿಸುವವರು 'ವೆಂಡರ್‌ಗಳು'.

ಹಿನ್ನೆಲೆ

ಜಾತ್ರೆ, ತೇರು, ದಸರೆಯಂಥ ದೊಡ್ಡ ಕೂಟಗಳನ್ನು ನಡೆಸುವ ಕೆಲಸ ಕರ್ನಾಟಕದಲ್ಲಿ ಬಹುಕಾಲ ದೇವಸ್ಥಾನ, ಅರಮನೆ ಮತ್ತು ಊರಿನ ಕೈಯಲ್ಲಿತ್ತು. ಕೆಲಸದ ಹಂಚಿಕೆ ಅಲ್ಲೂ ಖಚಿತವಾಗಿಯೇ ಇತ್ತು. ಆದರೆ ಅದು ಸಂಬಳದ ವೃತ್ತಿಯಾಗಿರಲಿಲ್ಲ. ಮನೆತನದ ಅಥವಾ ಸಮುದಾಯದ ಕರ್ತವ್ಯವಾಗಿತ್ತು.

ಆಧುನಿಕ ವಸ್ತುಪ್ರದರ್ಶನದ ಮಾದರಿ ಬಂದದ್ದು 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನದಿಂದ. ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸಗೊಳಿಸಿದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಕಟ್ಟಡಕ್ಕೆ 60 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಟಿಕೆಟ್, ಮಳಿಗೆ ಹಂಚಿಕೆ, ಜನಸಂಚಾರ, ಶೌಚಾಲಯ ಇವೆಲ್ಲ ಒಂದೇ ಆಡಳಿತದ ಕೆಳಗೆ ಬಂದವು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ರೂಪುಗೊಂಡ ಗಾಜಿನ ಮನೆಗೆ ಈ ಕಟ್ಟಡವೇ ಸ್ಫೂರ್ತಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಇಂದಿಗೂ ಅಲ್ಲಿಯೇ ನಡೆಯುತ್ತವೆ. ಅದಕ್ಕೂ ಮೊದಲೇ, 1880ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನ ಆರಂಭವಾಗಿತ್ತು. ಈಗ ಅದರ ಹೊಣೆ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರದ್ದು. ಸಮ್ಮೇಳನಗಳನ್ನು ಊರಿಗೆ ಕರೆತರುವುದನ್ನೇ ಉದ್ಯೋಗವಾಗಿಸಿದ ಕನ್ವೆನ್ಷನ್ ಬ್ಯೂರೋ 1896ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿತು. ಭಾರತದಲ್ಲಿ ಅಂಥ ಕೆಲಸಕ್ಕೆಂದು ಇಂಡಿಯಾ ಕನ್ವೆನ್ಷನ್ ಪ್ರಮೋಷನ್ ಬ್ಯೂರೋ 1988ರಲ್ಲಿ ಸ್ಥಾಪನೆಯಾಯಿತು.

ಕನ್ನಡದ ಮಟ್ಟಿಗೆ ಪಾತ್ರ ಹಂಚಿಕೆಯ ಸ್ಪಷ್ಟ ಮಾದರಿ ಸಿಗುವುದು ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲಾದ ಈ ಸಮ್ಮೇಳನ ಇಂದು ಸ್ವಾಗತ ಸಮಿತಿ, ವೇದಿಕೆ ಸಮಿತಿ, ಆಹಾರ ಸಮಿತಿ, ವಸತಿ ಸಮಿತಿ, ಸಾರಿಗೆ ಸಮಿತಿ, ಮೆರವಣಿಗೆ ಸಮಿತಿ, ಪ್ರಚಾರ ಸಮಿತಿ, ಸ್ಮರಣ ಸಂಚಿಕೆ ಸಮಿತಿ ಎಂದು ಕೆಲಸ ಹಂಚಿಕೊಂಡು ನಡೆಯುತ್ತದೆ. ಇಂದಿನ ನಿರ್ವಾಹಕ ಸಂಸ್ಥೆಯ ವಿಭಾಗಗಳಿಗೂ ಈ ಸಮಿತಿಗಳಿಗೂ ಇರುವ ಸಾಮ್ಯ ಗಮನಾರ್ಹ: ವೇದಿಕೆ ಸಮಿತಿಯ ಕೆಲಸ ಅಲ್ಲಿ ನಿರ್ಮಾಣ ವಿಭಾಗದ್ದು, ವಸತಿ ಮತ್ತು ಸಾರಿಗೆ ಸಮಿತಿಗಳದ್ದು ಅತಿಥಿ ವ್ಯವಸ್ಥೆಯದ್ದು. ವೃತ್ತಿಪರ ಹಿಮ್ಮೇಳದ ಇನ್ನೊಂದು ಪರಂಪರೆ ಕಂಪನಿ ನಾಟಕಗಳದ್ದು ಮತ್ತು ಯಕ್ಷಗಾನದ ಟೆಂಟು ಮೇಳಗಳದ್ದು. ರಂಗಸಜ್ಜು, ಬೆಳಕು, ಸಾಗಣೆ, ಟಿಕೆಟ್ ಮಾರಾಟ ಇವನ್ನೆಲ್ಲ ನಂಬಿಯೇ ಹೊಟ್ಟೆ ಹೊರೆದ ಮೊದಲ ತಲೆಮಾರಿನ ಕನ್ನಡಿಗರು ಇದ್ದದ್ದು ಅಲ್ಲಿ.

ಭಾರತದಲ್ಲಿ ನಿರ್ವಾಹಕ ಸಂಸ್ಥೆಗಳು ಬೆಳೆದದ್ದು 1990ರ ದಶಕದ ಆರ್ಥಿಕ ಉದಾರೀಕರಣದ ನಂತರ, ಕಂಪನಿಗಳ ಪ್ರಚಾರ ಬಜೆಟ್ಟು ಮತ್ತು ಉಪಗ್ರಹ ದೂರದರ್ಶನ ವಿಸ್ತರಿಸಿದಾಗ. ಬೆಂಗಳೂರು ಈ ಬೆಳವಣಿಗೆಯ ಮುಖ್ಯ ನೆಲೆಗಳಲ್ಲಿ ಒಂದು. 1996ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಅದೇ ವರ್ಷ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಶುರುವಾಯಿತು. 1998ರಲ್ಲಿ ಆರಂಭವಾದ ಐಟಿ ಮೇಳ ಇಂದಿನ ಬೆಂಗಳೂರು ಟೆಕ್ ಶೃಂಗಸಭೆಯಾಗಿದೆ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದವು. ವಿದೇಶಿ ತಂಡಗಳು ಕಳುಹಿಸುತ್ತಿದ್ದ 'ಟೆಕ್ ರೈಡರ್', ಅಂದರೆ ಬೇಕಾದ ಉಪಕರಣ, ವಿದ್ಯುತ್ತು ಮತ್ತು ವೇದಿಕೆಯ ಬಲದ ಪಟ್ಟಿ, ಇಲ್ಲಿನ ಧ್ವನಿ–ಬೆಳಕಿನ ತಂತ್ರಜ್ಞರಿಗೆ ಪಠ್ಯದಂತೆ ಒದಗಿತು. 2007ರಲ್ಲಿ ತುಮಕೂರು ರಸ್ತೆಯ ಮಾದಾವರದಲ್ಲಿ ತೆರೆದ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ವ್ಯಾಪಾರ ಮೇಳಗಳಿಗೆ ಶಾಶ್ವತ ಜಾಗ ಒದಗಿಸಿತು.

ಉದ್ಯಮದ ರಚನೆ

ಒಂದು ಕಾರ್ಯಕ್ರಮದ ಆಯುಸ್ಸಿಗೆ ನಾಲ್ಕು ಹಂತ. ಬೇಡಿಕೆ ಕೇಳಿ ಪರಿಕಲ್ಪನೆ ಕೊಡುವುದು 'ಪಿಚ್'. ಒಪ್ಪಿಗೆಯ ನಂತರ ಬಜೆಟ್, ಪರವಾನಗಿ, ವೆಂಡರ್ ಒಪ್ಪಂದಗಳ ಸಿದ್ಧತೆ. ಆಮೇಲೆ ವೇದಿಕೆ ಕಟ್ಟಿ, ತಾಲೀಮು ನಡೆಸಿ, ಕಾರ್ಯಕ್ರಮ ನಡೆಸುವುದು. ಕೊನೆಗೆ ಕಟ್ಟಿದ್ದನ್ನು ಬಿಚ್ಚುವುದು, ಕಸ ತೆಗೆಸುವುದು, ಲೆಕ್ಕ ಚುಕ್ತಾ ಮಾಡುವುದು. ಎಲ್ಲ ಹಂತಗಳಲ್ಲೂ ಇರುವ ಪಾತ್ರಗಳು ಕೆಲವೇ. ಹೆಚ್ಚಿನವರ ಕೆಲಸ ಒಂದು ಅಥವಾ ಎರಡು ಹಂತಗಳಿಗೆ ಸೀಮಿತ.

ಈ ಕ್ಷೇತ್ರದ ಜ್ಞಾನವನ್ನು ಕ್ರಮಪಡಿಸಲು ರೂಪಿಸಿದ 'ಎಂಬಾಕ್' ಎಂಬ ಅಂತರರಾಷ್ಟ್ರೀಯ ಚೌಕಟ್ಟು ಆಡಳಿತ, ವಿನ್ಯಾಸ, ಮಾರುಕಟ್ಟೆ, ಕಾರ್ಯಾಚರಣೆ, ಅಪಾಯ ನಿರ್ವಹಣೆ ಎಂಬ ಐದು ವಲಯಗಳನ್ನು ಗುರುತಿಸುತ್ತದೆ. ಅಪಾಯ ನಿರ್ವಹಣೆಗೆ ಉಳಿದ ನಾಲ್ಕರ ಸಮಾನ ಸ್ಥಾನ ಕೊಟ್ಟಿರುವುದು ಈ ಚೌಕಟ್ಟಿನ ದೊಡ್ಡ ಗುಣ. ನಮ್ಮ ನಿರ್ವಾಹಕ ಸಂಸ್ಥೆಗಳ ಹುದ್ದೆಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಕಾರ್ಯಾಚರಣೆಯ ಒಂದು ಉಪಕೆಲಸವಾಗಿ ಮಾತ್ರ ಕಾಣುತ್ತದೆ.

ಉದ್ಯೋಗದಾತರಲ್ಲಿ ನಿರ್ವಾಹಕ ಸಂಸ್ಥೆಗಳ ಜತೆಗೆ ಹೋಟೆಲುಗಳ ಬ್ಯಾಂಕ್ವೆಟ್ ವಿಭಾಗ, ಸಭಾಂಗಣಗಳು, ಕಂಪನಿಗಳ ಒಳಗಿನ ಕಾರ್ಯಕ್ರಮ ತಂಡ, ಸರ್ಕಾರಿ ಇಲಾಖೆಗಳು, ಕ್ರೀಡಾಸಂಸ್ಥೆಗಳು ಮತ್ತು ಟಿಕೆಟ್ ಮಾರುವ ಆನ್‌ಲೈನ್ ಸಂಸ್ಥೆಗಳು ಸೇರುತ್ತವೆ. ಉಳಿದವರು ಫ್ರೀಲಾನ್ಸರ್‌ಗಳು, ಅವರಿಗೆ ತಿಂಗಳ ಸಂಬಳವಿಲ್ಲ, ಕಾರ್ಯಕ್ರಮಕ್ಕೆ ಇಷ್ಟು ಎಂಬ ಲೆಕ್ಕ.

ಪ್ರಮುಖ ಪಾತ್ರಗಳು

ಗ್ರಾಹಕ ಸಂಪರ್ಕದವರು ಆಯೋಜಕರ ಮಾತು ಕೇಳಿ, ಅದನ್ನು ತಂಡಕ್ಕೆ ಅರ್ಥವಾಗುವ 'ಬ್ರೀಫ್' ಆಗಿ ಬರೆಯುತ್ತಾರೆ. ಪರಿಕಲ್ಪನೆ ಮತ್ತು ವಿನ್ಯಾಸದವರು ವೇದಿಕೆಯ ಮೂರು ಆಯಾಮದ ಚಿತ್ರ, ಆಹ್ವಾನ ಪತ್ರಿಕೆ, ದೃಶ್ಯಗಳನ್ನು ಸಿದ್ಧಪಡಿಸುತ್ತಾರೆ. ಪ್ರಾಯೋಜಕತ್ವ ಮತ್ತು ಮಾರಾಟದವರು ಹಣ ತರುತ್ತಾರೆ. ಕಲಾವಿದರ ವ್ಯವಸ್ಥೆಯವರು ಒಪ್ಪಂದ, ಪ್ರಯಾಣ, ಗ್ರೀನ್ ರೂಮ್ ನೋಡಿಕೊಳ್ಳುತ್ತಾರೆ. ಅತಿಥಿ ವ್ಯವಸ್ಥೆಯವರ ಕೆಲಸ ನೋಂದಣಿ, ವಸತಿ, ವಾಹನ. ನಿರೂಪಕರದು ಎಲ್ಲರಿಗೂ ಕಾಣುವ ಪಾತ್ರ. ಹಂಪಿ ಉತ್ಸವ, ದಸರೆಯಂಥ ಸರ್ಕಾರಿ ಉತ್ಸವಗಳಲ್ಲಿ ತಡವರಿಸದೆ ಒಳ್ಳೆಯ ಕನ್ನಡದಲ್ಲಿ ನಿರೂಪಿಸಬಲ್ಲವರಿಗೆ ನಿಲ್ಲದ ಬೇಡಿಕೆ ಇದೆ.

ನಿರ್ಮಾಣ ವ್ಯವಸ್ಥಾಪಕರು, ಅಂದರೆ ಪ್ರೊಡಕ್ಷನ್ ಮ್ಯಾನೇಜರ್, ಕಾರ್ಯಕ್ರಮದ ಭೌತಿಕ ಜಗತ್ತಿಗೆ ಹೊಣೆ. ಟ್ರಸ್ (ದೀಪ, ಸ್ಪೀಕರ್ ತೂಗುಹಾಕುವ ಲೋಹದ ಚೌಕಟ್ಟು) ಎಷ್ಟು ತೂಕ ತಡೆಯುತ್ತದೆ, ಎಲ್‌ಇಡಿ ಗೋಡೆಗೆ ಎಷ್ಟು ವಿದ್ಯುತ್ತು ಬೇಕು, ಒಂದು ಜನರೇಟರ್ ಕೈಕೊಟ್ಟರೆ ಇನ್ನೊಂದು ಎಷ್ಟು ಹೊತ್ತಿನಲ್ಲಿ ಹೊರೆ ಹೊರುತ್ತದೆ, ಲಾರಿ ಯಾವ ಗೇಟಿನಿಂದ ಒಳಬರಬೇಕು ಎಂಬುದೆಲ್ಲ ಅವರಿಗೆ ಗೊತ್ತಿರಬೇಕು. ಅವರ ಕೆಳಗೆ ಧ್ವನಿ, ಬೆಳಕು, ವಿಡಿಯೊ, ರಿಗ್ಗಿಂಗ್ ತಂತ್ರಜ್ಞರು ದುಡಿಯುತ್ತಾರೆ. ಎತ್ತರದಲ್ಲಿ ಭಾರ ತೂಗುಹಾಕುವ ರಿಗ್ಗರ್‌ಗಳದ್ದು ಅತ್ಯಂತ ಅಪಾಯದ ಕೆಲಸ. ಹೆಲ್ಮೆಟ್ಟು, ಹಾರ್ನೆಸ್ ಇಲ್ಲದೆ ಈ ಕೆಲಸ ಒಪ್ಪಿಕೊಳ್ಳುವಂತಿಲ್ಲ.

ಷೋ ನಡೆಯುವ ಹೊತ್ತಿನಲ್ಲಿ ಇಡೀ ತಂಡ ನಡೆಯುವುದು ಷೋ ಕಾಲರ್ ಅಥವಾ ವೇದಿಕೆ ವ್ಯವಸ್ಥಾಪಕರ ಮಾತಿನಂತೆ. ಅವರ ಕೈಯಲ್ಲಿರುವುದು ಕ್ಯೂ ಶೀಟ್. ಅದರಲ್ಲಿ ಪ್ರತಿ ಸೂಚನೆಯ ನಿಮಿಷ, ಕೆಲವೆಡೆ ಸೆಕೆಂಡು, ನಮೂದಾಗಿರುತ್ತದೆ. ದೀಪ ಬೆಳಗಿಸುವ ಸರಳ ಘಟ್ಟವನ್ನೇ ನೋಡಬಹುದು. ನಿರೂಪಕಿ ಅತಿಥಿಗಳ ಹೆಸರು ಕರೆಯುವ ಮೊದಲೇ ಬತ್ತಿಗಳು ಎಣ್ಣೆಯಲ್ಲಿ ನೆನೆದಿರಬೇಕು, ವೇದಿಕೆಯ ಪಕ್ಕದ ಫ್ಯಾನು ನಿಂತಿರಬೇಕು, ಮೇಣದ ಬತ್ತಿ ಹಿಡಿದವರು ಸರಿಯಾದ ಬದಿಯಲ್ಲಿ ನಿಂತಿರಬೇಕು. ಷೋ ಕಾಲರ್ ಹೆಡ್‌ಸೆಟ್‌ನಲ್ಲಿ ಬೆಳಕಿನವರಿಗೂ ಧ್ವನಿಯವರಿಗೂ 'ಸ್ಟ್ಯಾಂಡ್‌ಬೈ' ಎನ್ನುತ್ತಾರೆ. ಇಬ್ಬರೂ ಕೇಳಿಸಿತೆಂದು ಉತ್ತರಿಸುತ್ತಾರೆ. ಮೊದಲ ಬತ್ತಿ ಹೊತ್ತಿದ ಕ್ಷಣಕ್ಕೆ 'ಗೋ'. ಸಭಾಂಗಣದ ಬೆಳಕು ಇಳಿಯುತ್ತದೆ, ನಾದಸ್ವರ ಏರುತ್ತದೆ, ಕ್ಯಾಮೆರಾ ದೀಪದ ಸಮೀಪದೃಶ್ಯಕ್ಕೆ ಬರುತ್ತದೆ. 'ಗೋ' ಎಂಬ ಮಾತನ್ನು ಹೆಡ್‌ಸೆಟ್‌ನಲ್ಲಿ ಬೇರೆ ಯಾವ ಅರ್ಥಕ್ಕೂ ಬಳಸಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಈ ಪಾತ್ರಕ್ಕೆ ಬೇಕಾದದ್ದು ಗಟ್ಟಿ ದನಿಗಿಂತ ಹೆಚ್ಚಾಗಿ ತಣ್ಣಗಿನ ಮನಸ್ಸು. ಮಂತ್ರಿಗಳು 40 ನಿಮಿಷ ತಡವಾಗಿ ಬಂದರೆ ಯಾವುದನ್ನು ಕೈಬಿಡಬೇಕು, ಯಾವುದನ್ನು ಹಿಂದೆ–ಮುಂದೆ ಮಾಡಬೇಕು ಎಂಬ ನಿರ್ಧಾರ ಅಲ್ಲೇ, ಆಗಲೇ ಆಗಬೇಕು.

ಜನಸಂದಣಿ ಮತ್ತು ಸುರಕ್ಷತೆ

ಸುರಕ್ಷತಾ ಅಧಿಕಾರಿ ಕಾರ್ಯಕ್ರಮದ ಅತ್ಯಂತ ಭಾರದ ಹೊಣೆ ಹೊರುವ ಪಾತ್ರ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ನೆರೆದಿದ್ದ ಜನರಲ್ಲಿ ನೂಕುನುಗ್ಗಲಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಮೆಟಾಲಿಕಾ ತಂಡದ 2011ರ ಪ್ರವಾಸ ಇನ್ನೊಂದು ಬಗೆಯ ಪಾಠ: ಗುರುಗ್ರಾಮದ ಕಛೇರಿ ಬ್ಯಾರಿಕೇಡಿನ ಸುರಕ್ಷತೆಯ ತೊಂದರೆಯಿಂದ ನಡೆಯದೇ ಹೋಯಿತು, ಎರಡು ದಿನಗಳ ನಂತರ ಬೆಂಗಳೂರಿನದು ನಡೆಯಿತು.

ಈ ಕೆಲಸಕ್ಕೆ ಲೆಕ್ಕ ಮುಖ್ಯ. ಚದರ ಮೀಟರಿಗೆ ಸುಮಾರು ಐದು ಜನರನ್ನು ಮೀರಿದ ದಟ್ಟಣೆಯಲ್ಲಿ ವ್ಯಕ್ತಿಗೆ ತನ್ನ ಚಲನೆಯ ಮೇಲೆ ಹಿಡಿತ ತಪ್ಪತೊಡಗುತ್ತದೆ. ಒತ್ತಡ ಅಲೆಯಾಗಿ ಸಾಗುತ್ತದೆ. ಇಂಥ ದುರಂತಗಳಲ್ಲಿ ಅನೇಕರು ಸಾಯುವುದು ತುಳಿತದಿಂದಲ್ಲ. ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟುವುದರಿಂದ. ಆದ್ದರಿಂದ ಬಾಗಿಲುಗಳ ಅಗಲ, ನಿಮಿಷಕ್ಕೆ ಎಷ್ಟು ಮಂದಿ ಹೊರಹೋಗಬಲ್ಲರು, ಸಾಲು ಎಲ್ಲಿ ತಿರುಗುತ್ತದೆ, ಆಂಬುಲೆನ್ಸ್ ದಾರಿ ತೆರವಾಗಿದೆಯೇ ಎಂಬುದು ಜನ ಬರುವ ಮೊದಲೇ ನಕ್ಷೆಯ ಮೇಲೆ ಇರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಜನಸಂದಣಿ ನಿರ್ವಹಣೆಯ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ಈ ಪಾತ್ರ ಆರಿಸಿಕೊಳ್ಳುವವರು ಮೊದಲು ಓದಬೇಕಾದ ದಾಖಲೆ ಅದೇ. ಅಗತ್ಯ ಬಿದ್ದರೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಈ ಅಧಿಕಾರಿಗೆ ಲಿಖಿತವಾಗಿ ಇರಬೇಕು. ಆ ಅಧಿಕಾರ ಇಲ್ಲದ ಸುರಕ್ಷತಾ ಹುದ್ದೆಗೆ ಹೆಸರಿನ ಹೊರತು ಅರ್ಥವಿಲ್ಲ.

ಪರವಾನಗಿ ಮತ್ತು ಕಾನೂನು

ಪರವಾನಗಿ ಸಂಯೋಜಕರದು ಹೊರಗೆ ಕಾಣದ, ಆದರೆ ಸದಾ ಬೇಕಾಗುವ ಪಾತ್ರ. ಪೊಲೀಸ್, ಅಗ್ನಿಶಾಮಕ ದಳ, ನಗರಾಡಳಿತ, ವಿದ್ಯುತ್ ಕಂಪನಿಗಳ ಅನುಮತಿ ತರುವುದು ಅವರ ಕೆಲಸ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ ಅಥವಾ ಸಾಂಸ್ಕೃತಿಕ ಸಂದರ್ಭಗಳಲ್ಲಿ, ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಧ್ವನಿಮುದ್ರಿತ ಸಂಗೀತ ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪರವಾನಗಿ ಬೇಕಾಗುತ್ತದೆ. ಧಾರ್ಮಿಕ ವಿಧಿ ಮತ್ತು ಮದುವೆಯ ಸಂದರ್ಭಗಳಿಗೆ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಕಾನೂನು ಅಥವಾ ವಾಣಿಜ್ಯ ಓದಿದವರಿಗೆ, ಕಡತದ ಹಿಂದೆ ತಾಳ್ಮೆಯಿಂದ ಓಡಾಡಬಲ್ಲವರಿಗೆ ಈ ಕೆಲಸ ಒಗ್ಗುತ್ತದೆ.

ಶಿಕ್ಷಣ ಮತ್ತು ಪ್ರವೇಶ

ಇವೆಂಟ್ ನಿರ್ವಹಣೆಯಲ್ಲಿ ಡಿಪ್ಲೊಮಾ, ಪದವಿ ಕೋರ್ಸುಗಳು ಇವೆ. ಆದರೆ ಪದವಿ ಇಲ್ಲದೆ ಪ್ರವೇಶವಿಲ್ಲ ಎಂಬ ನಿಯಮವಿಲ್ಲ. ಐಟಿಐನಲ್ಲಿ ವಿದ್ಯುತ್ ಕೆಲಸ ಕಲಿತವರು ಬೆಳಕಿನ ಮತ್ತು ಜನರೇಟರ್ ವಿಭಾಗಕ್ಕೆ, ಹೋಟೆಲ್ ನಿರ್ವಹಣೆ ಓದಿದವರು ಬ್ಯಾಂಕ್ವೆಟ್‌ಗೆ, ಪತ್ರಿಕೋದ್ಯಮದವರು ನಿರೂಪಣೆ ಮತ್ತು ಪ್ರಚಾರಕ್ಕೆ ಬರುವುದು ವಾಡಿಕೆ. ರಂಗಭೂಮಿ ಇನ್ನೊಂದು ಗಟ್ಟಿ ದಾರಿ. ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಮ್ ರಂಗಶಿಕ್ಷಣ ಕೇಂದ್ರ ಮತ್ತು 1985ರಿಂದ ಊರೂರು ಸುತ್ತುವ ತಿರುಗಾಟದ ತಂಡ ನಟನೆಯ ಜತೆ ರಂಗಸಜ್ಜು ಕಟ್ಟುವುದು, ಬೆಳಕು ಹಾಕುವುದು, ಬಿಚ್ಚಿ ಲಾರಿಗೆ ಏರಿಸುವುದನ್ನೂ ಕಲಿಸುತ್ತವೆ. ದಿನಕ್ಕೊಂದು ಊರಿನ ವೇದಿಕೆಗೆ ಹೊಂದಿಕೊಂಡವರಿಗೆ ಇವೆಂಟ್ ನಿರ್ಮಾಣ ಹೊಸದೆನಿಸುವುದಿಲ್ಲ.

ಅಂತರರಾಷ್ಟ್ರೀಯವಾಗಿ ಮಾನ್ಯವಾದ ಅರ್ಹತೆಗಳಲ್ಲಿ ಹೆಚ್ಚು ಹೆಸರಾದದ್ದು 1985ರಲ್ಲಿ ಶುರುವಾದ 'ಸಿಎಂಪಿ' (ಸರ್ಟಿಫೈಡ್ ಮೀಟಿಂಗ್ ಪ್ರೊಫೆಷನಲ್) ಪರೀಕ್ಷೆ; ಅದಕ್ಕೆ ಕೆಲಸದ ಅನುಭವ ಮೊದಲೇ ಇರಬೇಕು. ಪರಿಸರಸ್ನೇಹಿ ಕಾರ್ಯಕ್ರಮಗಳಿಗೆ 2012ರಲ್ಲಿ, ಲಂಡನ್ ಒಲಿಂಪಿಕ್ಸ್ ವರ್ಷದಲ್ಲಿ, ಐಎಸ್‌ಒ 20121 ಎಂಬ ಮಾನದಂಡ ಬಂತು. ಕಸ ಬೇರ್ಪಡಿಕೆ, ಉಳಿದ ಆಹಾರ ಹಂಚಿಕೆ, ಮರುಬಳಕೆಯ ಅಲಂಕಾರ ನೋಡಿಕೊಳ್ಳುವ ಪಾತ್ರಗಳು ಬೆಳೆದದ್ದು ಆಮೇಲೆ. ಪ್ರವೇಶದ ಮೊದಲ ಮೆಟ್ಟಿಲು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ರನ್ನರ್, ಸ್ವಯಂಸೇವಕ ಅಥವಾ ನಿರ್ಮಾಣ ಸಹಾಯಕ.

ಪಾತ್ರದ ಆಯ್ಕೆ

ಆಯ್ಕೆಗೆ ಆಸಕ್ತಿಯೊಂದೇ ಸಾಲದು. ಯಾವ ಹಂತದ ಒತ್ತಡ ತನಗೆ ಸಹ್ಯ ಎಂಬುದು ಹೆಚ್ಚು ನಂಬಬಹುದಾದ ಅಳತೆ. ವಾರಗಟ್ಟಲೆ ಪಟ್ಟಿ, ಒಪ್ಪಂದ, ಬಜೆಟ್ಟಿನ ಮೇಲೆ ಕೂರಬಲ್ಲವರು ಯೋಜನೆಗೆ ಸರಿ. ಆ ದಿನದ ಗದ್ದಲದಲ್ಲಿ ಚುರುಕಾಗುವವರು ನಡೆಸುವ ಪಾತ್ರಗಳಿಗೆ. ಕೈಯಿಂದ ಕಟ್ಟಿದ್ದು ಕಣ್ಣಿಗೆ ಕಂಡರೆ ಸಮಾಧಾನ ಸಿಗುವವರು ತಂತ್ರಜ್ಞರಾಗುವುದು ಒಳ್ಳೆಯದು. ಜನರ ಮುಂದೆ ನಿಲ್ಲುವ ಆಸೆಯಿಂದ ಕ್ಷೇತ್ರಕ್ಕೆ ಬಂದವರಲ್ಲಿ ಬಹಳ ಮಂದಿ ಕೊನೆಗೆ ನೆಲೆ ಕಾಣುವುದು ಬೇರೆ ಪಾತ್ರಗಳಲ್ಲಿ.

ವರ್ಷದ ಲಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಮಳೆಗಾಲದಲ್ಲಿ ಬಯಲಿನ ಕಛೇರಿಗಳು ಕಡಿಮೆ. ನವೆಂಬರಿನಿಂದ ಮಾರ್ಚಿನವರೆಗೆ ಸಮ್ಮೇಳನ, ಉತ್ಸವ, ಕಂಪನಿಗಳ ಸಭೆ ಒಟ್ಟಿಗೇ ಬೀಳುತ್ತವೆ. ಮದುವೆಯನ್ನೊಂದೇ ನಂಬಿದ ಅಲಂಕಾರದವರ ಆದಾಯ ಪಂಚಾಂಗದ ಮೇಲೆ ನಿಂತಿರುತ್ತದೆ. ಧ್ವನಿ–ಬೆಳಕಿನವರು ಮದುವೆಯಿಂದ ರಾಜಕೀಯ ಸಭೆಗೆ, ಅಲ್ಲಿಂದ ಉತ್ಸವಕ್ಕೆ ದಾಟಬಲ್ಲರು. ಈ ದೃಷ್ಟಿಯಿಂದ ತಾಂತ್ರಿಕ ಪಾತ್ರಗಳು ಕ್ಷೇತ್ರದಲ್ಲಿ ಹೆಚ್ಚು ಬಾಳಿಕೆಯವು, ಮತ್ತು ಸಲ್ಲಬೇಕಾದ ಗೌರವ ಇನ್ನೂ ಸಲ್ಲದವು.

ಫ್ರೀಲಾನ್ಸರ್‌ಗಳಿಗೂ ಸಣ್ಣ ವೆಂಡರ್‌ಗಳಿಗೂ ದೊಡ್ಡ ತೊಂದರೆ ಬಾಕಿ ಹಣ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ರಕ್ಷಣೆ ಕೊಡುತ್ತದೆ: ಒಪ್ಪಂದ ಏನೇ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಸಲ್ಲಬೇಕು. ನಡುರಾತ್ರಿಯ ಕೆಲಸ ಇಲ್ಲಿ ಸಾಮಾನ್ಯ. ಆದ್ದರಿಂದ ಮನೆಗೆ ತಲುಪಿಸುವ ವಾಹನ, ಕೆಲಸದ ಜಾಗದಲ್ಲಿ ಶೌಚಾಲಯ, ಎರಡು ಪಾಳಿಗಳ ನಡುವೆ ವಿಶ್ರಾಂತಿ ಇದೆಯೇ ಎಂದು ಕೆಲಸ ಒಪ್ಪುವ ಮೊದಲೇ ಕೇಳಿಕೊಳ್ಳಬೇಕು, ಮಹಿಳೆಯರಂತೂ ವಿಶೇಷವಾಗಿ. ಕೇಳಿದ್ದಕ್ಕೆ ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಯನ್ನು ಬಿಡುವುದೇ ಲೇಸು.

ಈಗಿನ ಸ್ಥಿತಿ

2020ರ ಮಾರ್ಚಿನ ಲಾಕ್‌ಡೌನ್ ಈ ಉದ್ಯಮವನ್ನು ಒಂದೇ ಏಟಿಗೆ ನಿಲ್ಲಿಸಿತು. ಅನೇಕ ತಂತ್ರಜ್ಞರು ಬೇರೆ ಉದ್ಯೋಗಗಳಿಗೆ ಹೋದರು. ಆನ್‌ಲೈನ್ ಕಾರ್ಯಕ್ರಮಗಳಿಂದ ಸ್ಟ್ರೀಮಿಂಗ್ ತಂತ್ರಜ್ಞ ಮತ್ತು ಡಿಜಿಟಲ್ ವೇದಿಕೆ ನಿರ್ವಾಹಕ ಎಂಬ ಪಾತ್ರಗಳು ಗಟ್ಟಿಯಾದವು. ಜನ ಮರಳಿ ಬಂದಮೇಲೂ ಅವು ಉಳಿದಿವೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ–20 ಸಭೆಗಳು ದೊಡ್ಡ ನಗರದ ಹೊರಗೂ ಅಂತರರಾಷ್ಟ್ರೀಯ ಮಟ್ಟದ ವ್ಯವಸ್ಥೆ ಸಾಧ್ಯವೆಂದು ತೋರಿಸಿದವು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಮೆರಿಕದ ಕನ್ನಡ ಕೂಟಗಳ ಆಗರ 'ಅಕ್ಕ' 2000ದಿಂದ ನಡೆಸುತ್ತಿರುವ ವಿಶ್ವ ಕನ್ನಡ ಸಮ್ಮೇಳನಗಳು ಮುಖ್ಯವಾಗಿ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತವೆ. ಸಮಿತಿ ಮಾದರಿಯ ಹಂಚಿಕೆ ಅಲ್ಲಿ ಇಂದಿಗೂ ಜೀವಂತ.

ಚಿನ್ನಸ್ವಾಮಿ ದುರಂತದ ಬಳಿಕ, 2025ರ ಆಗಸ್ಟಿನಲ್ಲಿ, ಕರ್ನಾಟಕ ವಿಧಾನಸಭೆಯಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ಮಂಡನೆಯಾಯಿತು. ಕಾರ್ಯಕ್ರಮಗಳಿಗೆ ಪೂರ್ವಾನುಮತಿ ಪಡೆಯುವ ಹೊಣೆಯನ್ನು ಆಯೋಜಕರ ಮೇಲೆ ಹೊರಿಸುವುದು ಅದರ ಆಶಯ. ಸಣ್ಣ ನಿರ್ವಾಹಕ ಸಂಸ್ಥೆಗಳಲ್ಲಿ ಸುರಕ್ಷತೆಯ ಕೆಲಸ ಈಗಲೂ ನಿರ್ಮಾಣ ವ್ಯವಸ್ಥಾಪಕರ ಇತರ ಹತ್ತು ಕೆಲಸಗಳ ನಡುವೆ ಒಂದಾಗಿದೆ. ಅದಕ್ಕೆ ತರಬೇತಿ ಪಡೆದ ಪ್ರತ್ಯೇಕ ಅಧಿಕಾರಿ ಬೇಕು. ಈ ಕ್ಷೇತ್ರಕ್ಕೆ ಬರುತ್ತಿರುವ ಯುವಕ ಯುವತಿಯರಿಗೆ ಇಂದು ಅತ್ಯಂತ ಅಗತ್ಯವಾಗಿ ತುಂಬಬೇಕಾದ ಜಾಗ ಅದೇ.